ತೊಲೆಯ ಕೆಳಗೆ ಕೂತವಳು

ಮನೆ ಬಿದ್ದರೆ ಕಟ್ಟಿದವನ ಮೇಲೆ ಬೀಳುವುದಿಲ್ಲ, ಒಳಗೆ ಮಲಗಿದವನ ಮೇಲೆ ಬೀಳುತ್ತದೆ. ಇದು ನಿಮಗೂ ಗೊತ್ತು. ಗೊತ್ತಿದ್ದೂ ನೀವು ಗೋಡೆಯ ಬಣ್ಣ ನೋಡುತ್ತೀರಿ, ಕಿಟಕಿಯಿಂದ ಏನು ಕಾಣುತ್ತದೆ ಅಂತ ಇಣುಕುತ್ತೀರಿ, ಕೀಲಿ ಇಸಿದುಕೊಂಡು ನಗುತ್ತೀರಿ.

ಲೊಕೊನ್ ಬೆಟ್ಟದ ಬುಡದ ನಮ್ಮೂರಿನ ಹಿರಿಯರು ಅಷ್ಟು ಸುಲಭಕ್ಕೆ ನಗುತ್ತಿರಲಿಲ್ಲ. ಹೊಸ ಮನೆ ಎದ್ದು ನಿಂತ ದಿನ ಇಡೀ ಕೇರಿ ಅದರೊಳಗೆ ಹತ್ತಿ, ಕೈ ಕೈ ಹಿಡಿದು, ಹಾಡು ಹೇಳುತ್ತ ನೆಲದ ಹಲಗೆಗಳನ್ನು ತುಳಿಯುತ್ತಿತ್ತು. ಮೂರು ಸುತ್ತು. ಆ ಹೊತ್ತಿನಲ್ಲಿ ಮನೆ ಕಟ್ಟಿದ ಹಿರಿ ಬಡಗಿ ಎಲ್ಲಿರಬೇಕು? ಹಂದಿ ಮಾಂಸ ಬೇಯುವ ಒಲೆಯ ಹತ್ತಿರ ಅಲ್ಲ. ಆಳೆತ್ತರದ ಕಂಬಗಳ ಮೇಲೆ ನಿಂತ ಆ ಮನೆಯ ಅಡಿಯಲ್ಲಿ, ನಟ್ಟನಡುವೆ, ಒಂದು ಕಲ್ಲಿನ ಮೇಲೆ. ಅವನ ತಲೆಯ ಮೇಲೆ ಅವನು ಕಟ್ಟಿದ ಮನೆ, ಆ ಮನೆಯ ತುಂಬ ಊರು. ಸಂಶಯ ಬಂದರೆ ಅವನು 'ಇಳೀರಿ!' ಅಂತ ಕೂಗಬೇಕು. ಕೂಗಿದರೆ ಹಾಡು ನಿಲ್ಲುತ್ತದೆ, ಎಲ್ಲರೂ ಇಳಿಯುತ್ತಾರೆ. ಆಮೇಲೆ ಅವನು ಊರೆದುರು, ಕೂಲಿಯಿಲ್ಲದೆ, ತನ್ನ ಕೈಯಾರೆ ಆ ಮನೆಯನ್ನು ಬಿಚ್ಚಿ ಮತ್ತೆ ಕಟ್ಟಬೇಕು.

ತಿನ್ಚೆ ಪೊಲುವಾನಳ ಮೊದಲ ನೆನಪೆಂದರೆ ಆ ಕಲ್ಲು. ಅವಳಪ್ಪ ಎವರ್ಟ್ ಆ ಸೀಮೆಗೇ ಹಿರಿ ಬಡಗಿ. ತಾಯಿ ತುಳಿಯಲು ಮೇಲೆ ಹೋಗಿರುತ್ತಿದ್ದಳು, ಮಗು ಕೆಳಗೆ ಅಪ್ಪನ ತೊಡೆಯ ಮೇಲೆ. ಹಲಗೆಗಳ ಸಂದಿಯಿಂದ ಬಿಸಿಲು ಗೆರೆಗೆರೆಯಾಗಿ ಇಳಿಯುತ್ತಿತ್ತು. ಕಾಲುಗಳು ಒಟ್ಟಿಗೆ ಬಿದ್ದಾಗ ಗೆರೆಗಳೆಲ್ಲ ಒಮ್ಮೆ ಮುಚ್ಚಿ ಮತ್ತೆ ತೆರೆದುಕೊಳ್ಳುತ್ತಿದ್ದವು, ಮನೆಯೇ ಕಣ್ಣು ಮಿಟುಕಿಸಿದ ಹಾಗೆ. ಸಂಪಿಗೆಯ ಕುಲದ ವಾಸಿಯಾನ್ ಮರದ ಹೊಟ್ಟು ಹೊಂಬಣ್ಣವಾಗಿ ಉದುರಿ ಅಪ್ಪನ ಹುಬ್ಬಿನ ಮೇಲೆ ಕೂರುತ್ತಿತ್ತು. ಆ ವಾಸನೆ ಈಗಲೂ ಅವಳಿಗೆ ಎಲ್ಲಿಂದಲೋ ಬಂದು ಮೂಗಿಗೆ ತಾಕುತ್ತದೆ, ಬಸ್ಸಿನಲ್ಲಿ, ಚರ್ಚಿನಲ್ಲಿ, ಪಾತ್ರೆ ತೊಳೆಯುವಾಗ. ಮೇಲೆ ನೂರು ಕಾಲು, ಕೆಳಗೆ ಅಪ್ಪನ ಎದೆಯ ಡಬ್ ಡಬ್. ಯಾವುದು ಯಾವುದರ ಸದ್ದು ಅಂತ ಅವಳಿಗೆ ಬಿಡಿಸಲು ಬರುತ್ತಿರಲಿಲ್ಲ.

ಅವಳಿಗೆ ಏಳು ವರ್ಷವಾಗಿದ್ದಾಗ ಒಂದು ಸಲ, ಎರಡನೇ ಸುತ್ತಿನಲ್ಲಿ, ಅಪ್ಪ "ಇಳೀರಿ!" ಅಂತ ಕೂಗಿದ. ಏನೂ ಮುರಿದಿರಲಿಲ್ಲ, ಏನೂ ಬಿದ್ದಿರಲಿಲ್ಲ.

"ನಂಗೇನೂ ಕೇಳ್ಲಿಲ್ಲ ಪಪಾ," ಅಂದಳು.

"ನಂಗೂ ಕೇಳ್ಲಿಲ್ಲ ನೋನಿ. ತೊಲೆ ಕಂಬದೊಳಗೆ ಸರಿಯಾಗಿ ಕೂತಿದ್ರೆ ತುಳಿದಾಗ ಒಂದು ಉಸಿರು ಬಿಡುತ್ತೆ. ಆ ಮೂಲೇಲಿ ಉಸಿರು ಬರ್ಲಿಲ್ಲ. ಕೇಳ್ಬೇಕಾದ್ದು ಕೇಳ್ಲಿಲ್ಲ, ಅದಕ್ಕೇ ಕೂಗ್ದೆ."

ಒಂಬತ್ತು ದಿನ ಎವರ್ಟ್ ಒಬ್ಬನೇ ಆ ಮನೆ ಬಿಚ್ಚಿದ. ಎದುರಿನ ಜಗಲಿಯಲ್ಲಿ ಕೂತು ಮದ್ಯ ಹೀರುತ್ತಿದ್ದ ಯಾಂಚೆ ಎಂಬ ಇನ್ನೊಬ್ಬ ಬಡಗಿಗೆ ಅದು ನಾಟಕ ನೋಡಿದಷ್ಟು ಖುಷಿ. "ಏನೋ ಎವರ್ಟ್, ಮನೆ ಕಟ್ಟೋದು ಮರ್ತೋಯ್ತಾ, ಬರೀ ಬಿಚ್ಚೋದೇನಾ ಇನ್ಮೇಲೆ?"

"ಒಂದ್ಸಲನಾದ್ರೂ ಕೂಗಿದೋನು ಬಡಗಿ ಕಣೋ," ಅಂದ ಎವರ್ಟ್, ಬಾಯಲ್ಲಿ ಮರದ ಗೂಟ ಕಚ್ಚಿಕೊಂಡೇ. "ಒಂದ್ಸಲಾನೂ ಕೂಗದೋನು ಕಿವುಡ."

ಯಾಂಚೆ ಒಂದು ಸಲವೂ ಕೂಗಿರಲಿಲ್ಲ. ಆ ಮಾತು ಊರಲ್ಲಿ ಎಷ್ಟೋ ವರ್ಷ ಓಡಾಡಿತು.

ತಿನ್ಚೆಗೆ ಇಪ್ಪತ್ತನಾಲ್ಕಾಗಿದ್ದಾಗ ಎವರ್ಟ್ ತೀರಿಕೊಂಡ. ಅವನ ಉಳಿಗಳು ಶಿಷ್ಯ ಹೆನ್ನಿ ಮಾಮಾಹಿತ್‌ನ ಕೈಗೆ ಹೋದವು. ಹೆನ್ನಿ ತಿನ್ಚೆಗಿಂತ ಎಂಟು ವರ್ಷ ದೊಡ್ಡವನು, ಅವರ ಮನೆಯಲ್ಲೇ ಉಂಡು ಬೆಳೆದವನು. ಎವರ್ಟ್ ಕರೆಯುತ್ತಿದ್ದ ಹಾಗೆಯೇ ಅವಳನ್ನು ನೋನಿ, ಅಂದರೆ ಪುಟ್ಟಿ, ಅನ್ನುತ್ತಿದ್ದ. ಈಗ ಅವಳಿಗೆ ಐವತ್ತೆಂಟಾದರೂ ಅವನ ಬಾಯಲ್ಲಿ ಪುಟ್ಟಿಯೇ.

ಗುರು ಸತ್ತ ಮರುವರ್ಷ ಹೆನ್ನಿ ಯಾರೂ ಕೇಳದ ಒಂದು ಮನೆ ಕಟ್ಟಿದ, ತೊಮೊಹೊನ್‌ಗೆ ಹೋಗುವ ರಸ್ತೆಯ ಪಕ್ಕಕ್ಕೆ. ಹಳೆಯ ಪದ್ಧತಿಯ ಮನೆ: ಮುಂದೆ ಎಡಕ್ಕೊಂದು ಬಲಕ್ಕೊಂದು ಮೆಟ್ಟಿಲ ಸಾಲು, ಕೆಟ್ಟದ್ದು ಒಂದರಿಂದ ಹತ್ತಿದರೆ ಇನ್ನೊಂದರಿಂದ ಇಳಿದು ಹೋಗಲಿ ಅಂತ.

"ಯಾರಿಗೋ ಇದು?" ಅಂತ ಜನ ಕೇಳಿದರು.

"ರಸ್ತೆಗೆ."

"ರಸ್ತೆ ಮಲಗುತ್ತೇನೋ ಇದ್ರಲ್ಲಿ?"

ನಾಲ್ಕನೇ ಭಾನುವಾರ ಮನಾಡೊ ಪಟ್ಟಣದ ವೈದ್ಯರೊಬ್ಬರು ಕಾರು ನಿಲ್ಲಿಸಿದರು. ಮನೆ ಬೇಕು, ಆದರೆ ಇಲ್ಲಲ್ಲ, ಅಲ್ಲಿ, ಸಮುದ್ರದ ಹತ್ತಿರ. ಗೂಟ ಹೊಡೆದು ಕೂರಿಸಿದ ಮನೆ, ಮೊಳೆ ಇಲ್ಲ, ಬಿಚ್ಚಬಹುದು. ಆದರೆ ಬಿಚ್ಚಿದ್ದನ್ನು ಕೂಡಿಸುವಾಗ ಯಾವ ತುಂಡು ಯಾವ ಬಾಯಿಗೆ ಅನ್ನುವುದು ಯಾರ ತಲೆಯಲ್ಲಿ ನಿಲ್ಲುತ್ತದೆ? ತಿನ್ಚೆ ಚರ್ಚಿನ ಬೆಂಚಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದ ಡಬ್ಬಿ ತಂದಳು. ಮೂಡಣ ಮೂಲೆಯ ಕಂಬದಿಂದ ಶುರು ಮಾಡಿ ತುಂಡು ತುಂಡಿಗೂ ಅಂಕಿ ಬರೆದಳು. ಬರೆದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡಳು. ನಾನೂರ ಹನ್ನೆರಡು ತುಂಡು. ಮನಾಡೊದಲ್ಲಿ ಮೂರೇ ದಿನಕ್ಕೆ ಮನೆ ಎದ್ದಿತು. ಪಟ್ಟಣದ ಜನ ಹತ್ತಿ ತುಳಿದರು, ಹೆನ್ನಿ ಕೆಳಗೆ ಕೂತ.

ಹೀಗೆ ಹುಟ್ಟಿದ್ದು 'ವಾಲೆ ತೇತೆ', ಅಜ್ಜನ ಮನೆ. ಮೊದಲು ಬೋರ್ಡು ಬಂತು, ಆಮೇಲೆ ಗರಗಸದ ಯಂತ್ರ, ಆಮೇಲೆ ಸ್ವಂತ ಲಾರಿ. ರಸ್ತೆ ಬದಿ ಒಂದಿದ್ದ ಮನೆ ಮೂರಾಯಿತು, ಎಂಟಾಯಿತು. ಎಂಟೂ ಯಾರೂ ವಾಸವಿಲ್ಲದ, ದೀಪವಿಲ್ಲದ, ಹೊಸ ಮರದ ಮನೆಗಳು. ಬೆಳಿಗ್ಗೆ ಬೆಟ್ಟದಿಂದ ಮಂಜು ಇಳಿದಾಗ ಕಂಬಗಳು ಕಾಣುತ್ತಿರಲಿಲ್ಲ, ಮನೆಗಳು ಮಂಜಿನ ಮೇಲೆ ತೇಲುತ್ತಿದ್ದವು. ಮಂಜು ಕರಗುವ ಹೊತ್ತಿಗೆ ಅದರಲ್ಲೊಂದು ಮಾಯವಾಗಿರುತ್ತಿತ್ತು. ಅಂಬೋನಿಗೆ ಹೋಯಿತು, ಬಾಲಿಗೆ ಹೋಯಿತು, ಹಡಗು ಹತ್ತಿ ಹೆಸರೇ ತಿರುಗದ ದೇಶಗಳಿಗೆ ಹೋಯಿತು. ಎಲ್ಲಕ್ಕೂ ತಿನ್ಚೆಯ ಕೆಂಪು ಅಂಕಿ. ಐದನೇ ತರಗತಿಗೆ ಶಾಲೆ ಬಿಟ್ಟವಳ ಕೈಬರಹ ಅವಳು ಕಾಣದ ಸಮುದ್ರಗಳ ದಡದಲ್ಲಿ ನೆಲದಡಿಯಲ್ಲಿ ಅಡಗಿ ಕೂತಿತ್ತು. ಅಡುಗೆಮನೆಯ ಕಪಾಟಿನಲ್ಲಿ ಮೂವತ್ತೊಂದು ನೋಟ್‌ಬುಕ್ಕು ಸೇರಿದವು.

ಮಧ್ಯಾಹ್ನ ಕುಂಬಳಕಾಯಿ, ಸೊಪ್ಪಿನ ಗಂಜಿ ಉಂಡು, ಎಂಟು ಮನೆಗಳಲ್ಲಿ ಯಾವುದಾದರೊಂದರ ಅಡಿಯಲ್ಲಿ ಚಾಪೆ ಹಾಸಿ ಅರ್ಧ ಗಂಟೆ ಒರಗುವುದು ಅವಳ ರೂಢಿ. ತಂಪು, ಮರದ ಗಂಧ, ಹಲಗೆ ಸಂದಿಯ ಬಿಸಿಲ ಗೆರೆ. ಕಣ್ಣು ಮುಚ್ಚಿದರೆ ಕಳಿಸಿಕೊಟ್ಟ ಮನೆಗಳೆಲ್ಲ ಬರುತ್ತಿದ್ದವು. ಎರಡು ಮೆಟ್ಟಿಲ ಸಾಲುಗಳೇ ಎರಡು ಕಾಲಾಗಿ, ಸಮುದ್ರದ ಮೇಲೆ ಸಲೀಸಾಗಿ ಹೆಜ್ಜೆ ಇಡುತ್ತ ಬರುತ್ತಿದ್ದವು. ಅಂಬೋನಿನ ಮನೆಯ ಪಾದ ಒದ್ದೆಯಾಗಿರುತ್ತಿತ್ತು. ವೈದ್ಯರ ಮನೆ ಯಾವಾಗಲೂ ಮೊದಲು ಬಂದು ದೊಡ್ಡಕ್ಕನ ಗತ್ತಿನಲ್ಲಿ ಪಕ್ಕಕ್ಕೆ ನಿಲ್ಲುತ್ತಿತ್ತು. ಬಂದವು ಏನೂ ಹೇಳುತ್ತಿರಲಿಲ್ಲ. ಅವಳ ಸುತ್ತ ಕೂತು, ಹಳೆಯ ಎಮ್ಮೆಗಳ ಹಾಗೆ ಉಸಿರು ಬಿಡುತ್ತಿದ್ದವು. ಎದ್ದಾಗ ಅವಳಿಗೆ ಯಾರೋ ಹೊದಿಕೆ ಹೊದಿಸಿ ಹೋದ ಹಾಗೆ ಅನ್ನಿಸುತ್ತಿತ್ತು.

ಈಗ ಕೋಪದ ಭಾಗ.

ಪ್ರತಿ ಕೋಣೆಯ ನೆಲದಡಿ ಏಳು ಅಡ್ಡತೊಲೆ ಇರಬೇಕು. ಎವರ್ಟ್ ಇಟ್ಟಿದ್ದು ಏಳು, ಅವನ ಅಪ್ಪ ಇಟ್ಟಿದ್ದು ಏಳು. ಒಂದು ವರ್ಷ ಯಾವುದೋ ಕಡಲತೀರದ ಹೋಟೆಲಿನವರು ಎರಡು ಮಂಚ ಹಿಡಿಸುವ ಸಣ್ಣ ಕೋಣೆಗಳನ್ನು ಕೇಳಿದರು. ಅಷ್ಟಕ್ಕೆ ಐದು ಸಾಕಿತ್ತು, ನಿಜಕ್ಕೂ ಸಾಕಿತ್ತು. ಮುಂದಿನ ಗಿರಾಕಿಗೆ ಅದೇ ನಕ್ಷೆಯನ್ನು ಸ್ವಲ್ಪ ಹಿಗ್ಗಿಸಿದರು. ಅದರ ಮುಂದಿನವರಿಗೆ ಇನ್ನೂ ಸ್ವಲ್ಪ. ಐದು ಇದ್ದರೆ ಒಂದು ಕಂಟೇನರಿನಲ್ಲಿ ಎರಡು ಮನೆ ಹಿಡಿಸುತ್ತಿತ್ತು. ಕೋಣೆ ದೊಡ್ಡದಾಯಿತು, ತೊಲೆ ಐದೇ ಉಳಿಯಿತು. ಇದನ್ನು ಯಾರು ನಿರ್ಧರಿಸಿದರು? ಹುಡುಕಿ ನೋಡಿ, ಯಾರೂ ಸಿಗುವುದಿಲ್ಲ. ಪಾಪ ಮಾಡುವುದಕ್ಕೆ ಪಾಪಿಯೇ ಬೇಕಾಗಿಲ್ಲ, ಹಿಗ್ಗಿಸಿದ ನಕ್ಷೆ ಸಾಕು.

ಯಂತ್ರದ ಮೇಲೆ ಕೂತವರು 'ತಪ್ಪಿದ್ರೆ ತುಳಿಯೋವಾಗ ಗೊತ್ತಾಗುತ್ತೆ ಬಿಡಿ' ಅಂದುಕೊಂಡರು. ನಕ್ಷೆ ಬರೆದವರೂ ಅದನ್ನೇ ಅಂದುಕೊಂಡರು. ಆದರೆ ತುಳಿಯುವವರು ಎಲ್ಲಿದ್ದರು? ಮನೆ ಸಮುದ್ರ ದಾಟಿ, ಅದರ ಕಾಗದ ನೋಡಿಕೊಂಡು ಬೇರೆ ಯಾರೋ ಜೋಡಿಸುವ ಕಾಲ ಬಂದಾಗಲೇ ತುಳಿತ ನಿಂತುಹೋಗಿತ್ತು. ನಿಂತದ್ದನ್ನು ಯಾರೂ ಯಾರಿಗೂ ಹೇಳಿರಲಿಲ್ಲ. ಸತ್ತ ನಾಯಿ ಮನೆ ಕಾಯುತ್ತದೆ ಅಂತ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ನಮ್ಮೂರಿನವರು ಮಾತ್ರ ಮಾಡಬಲ್ಲ ತಪ್ಪು ಇದು. ಬೇರೆಯವರಿಗೆ ನಂಬಲು ಅಂಥ ನಾಯಿಯೇ ಇರಲಿಲ್ಲ.

ಹಾಗಂತ ತುಳಿತ ಪೂರ್ತಿ ಸತ್ತಿತ್ತು ಅನ್ನಬೇಡಿ. ಶನಿವಾರ ಶನಿವಾರ ಪ್ರವಾಸಿಗಳಿಗಾಗಿ ರಸ್ತೆ ಬದಿಯ ಒಂದನೇ ನಂಬರಿನ ಮನೆಯಲ್ಲಿ ಬಿಳಿ ಬಟ್ಟೆ ತೊಟ್ಟ ಹುಡುಗಿಯರು ಹೂವಿನ ಮೇಲೆ ನಡೆದ ಹಾಗೆ ತುಳಿಯುತ್ತಿದ್ದರು. ಕೆಳಗೆ ಕಲ್ಲಿದ್ದ ಜಾಗದಲ್ಲಿ ಹೆನ್ನಿಯ ಕಾರು ನಿಲ್ಲುತ್ತಿತ್ತು. ಚಂದವನ್ನು ಇಟ್ಟುಕೊಂಡೆವು, ಹೆದರಿಕೆಯನ್ನು ಬಿಸಾಕಿದೆವು, ಅದಕ್ಕೆ 'ಪೂರ್ವಜರ ಶೈಲಿ' ಅಂತ ಬೋರ್ಡು ಬರೆಸಿದೆವು.

ಹೆನ್ನಿ ಆರೇಳು ವರ್ಷದಿಂದ ಯಾವ ಮನೆಯ ಅಡಿಗೂ ಬಗ್ಗಿರಲಿಲ್ಲ. ಅವನ ಮಂಡಿ ಬಗ್ಗುತ್ತಿರಲಿಲ್ಲ. ತಿನ್ಚೆ ಬಗ್ಗಿದ್ದಳು, ದಿನಾ. ದಿನಾ ಮಧ್ಯಾಹ್ನ ಮಲಗಿ ಮೇಲೆ ನೋಡಿದ್ದಳು. ಏಳು ಇದ್ದಲ್ಲಿ ಐದು. ಅವಳೇ ಕುಂಚ ಹಿಡಿದು ಒಂದು, ಎರಡು, ಮೂರು, ನಾಲ್ಕು, ಐದು ಅಂತ ಬರೆದವಳು. ಮೊದಲ ಸಲ ಕುಂಚ ಗಾಳಿಯಲ್ಲೇ ನಿಂತಿತ್ತು, ಆರಕ್ಕಾಗಿ ಹುಡುಕಿತ್ತು. ಎರಡನೇ ಸಲ ಅಷ್ಟು ಹೊತ್ತು ನಿಲ್ಲಲಿಲ್ಲ. ಆಮೇಲೆ ಕೈಗೇ ಅಭ್ಯಾಸವಾಯಿತು. ಕೈ ಕಲಿತದ್ದನ್ನು ಕನಸು ಕಲಿಯಲಿಲ್ಲ, ಅಷ್ಟೇ. ಕನಸಿಗೆ ಬರುವ ಹೊಸ ಮನೆಗಳು ಹತ್ತಿರ ಬರುತ್ತಿರಲಿಲ್ಲ. ದೂರದಲ್ಲೇ, ಮೊಣಕಾಲುದ್ದ ನೀರಿನಲ್ಲಿ, ಪಕ್ಕೆ ಹಿಡಿದುಕೊಂಡು ನಿಲ್ಲುತ್ತಿದ್ದವು.

ಅದೇ ಹೊತ್ತಿಗೆ ಬಡಗಣದ ಒಂದು ದ್ವೀಪದಲ್ಲಿ ಬೆಂಕಿಬೆಟ್ಟ ಸಿಡಿಯಿತು. ಅಲ್ಲಿಯ ಜನರನ್ನು ದೋಣಿಗಳಲ್ಲಿ ತಂದು ನಮ್ಮ ಕಡೆಯ ಕರಾವಳಿಯಲ್ಲಿ ಟಾರ್ಪಾಲಿನ ಡೇರೆಗಳಲ್ಲಿ ಇಳಿಸಿದರು. ಅವರಿಗೆ ನಲವತ್ತು ಮನೆ, ಹಳೆಯ ಪದ್ಧತಿಯವೇ ಆಗಬೇಕು ಅಂತ ಸರ್ಕಾರದ ಅಪ್ಪಣೆ. ಕೆಲಸ ವಾಲೆ ತೇತೆಗೆ ಬಂತು. ಹೆನ್ನಿ ಗುರುವಿನ ಪಟದ ಮುಂದೆ ನಿಂತು ಅತ್ತ. ಸುಳ್ಳು ಅಳುವಲ್ಲ, ಅದನ್ನೂ ಹೇಳಬೇಕು.

ಮೊದಲ ಮನೆ ಕಡಲ ಪಕ್ಕ ಎದ್ದ ದಿನ ಶಾಮಿಯಾನ ಹಾಕಿದರು, ಪ್ಲಾಸ್ಟಿಕ್ ಕುರ್ಚಿ ಸಾಲಿಟ್ಟರು, ಅಧಿಕಾರಿ ಬಂದರು. ಬಿಳಿ ಬಟ್ಟೆಯ ಹುಡುಗಿಯರು ಮೆಟ್ಟಿಲ ಹತ್ತಿರ ಸಾಲಾಗಿ ನಿಂತಿದ್ದರು. ಆ ಮನೆಗೆ ಹೋಗಬೇಕಾದವಳು ಬೆರ್ತಿ ಎಂಬ ಮುದುಕಿ, ಮೂವರು ಮೊಮ್ಮಕ್ಕಳ ಒಮಾ, ಅಂದರೆ ಅಜ್ಜಿ. ಅವಳು ಎದ್ದು ಬಂದು ಹುಡುಗಿಯರನ್ನು ಮೇಲಿಂದ ಕೆಳಗೆ ನೋಡಿದಳು.

"ಇವ್ರು ಯಾಕೆ ತುಳೀತಾರೆ? ಇದ್ರಲ್ಲಿ ಮಲಗೋರು ನಾವು. ತುಳಿಯೋರೂ ನಾವೇ."

"ಆಗ್ಲಿ ಒಮಾ, ನೀವೇ ತುಳೀರಿ," ಅಂದ ಹೆನ್ನಿ, ನಗುತ್ತ.

"ಕೆಳಗ್ಯಾರು ಕೂರ್ತಾರೆ?"

ಹೆನ್ನಿಯ ನಗು ಅಲ್ಲೇ ನಿಂತಿತು.

"ಹಂಗ್ ನೋಡ್ಬೇಡ. ನನ್ ಹಿರಿ ಅಳಿಯ ನಿಮ್ಮೂರೋನೇ. ನಿಮ್ಮ ಪದ್ಧತಿ ನಂಗೂ ಗೊತ್ತು."

"ಹಿರಿ ಬಡಗಿ ಅಂತ ಈಗ ಒಬ್ಬರೇ ಇಲ್ಲ ಒಮಾ. ಈಗ ಕಂಪನಿ ಕಟ್ಟೋದು."

"ಸರಿ ಮತ್ತೆ, ಕಂಪನೀನ ಕರಿ. ಬಂದು ಕೂರ್ಲಿ."

ಡೇರೆಯವರೆಲ್ಲ ಗೊಳ್ಳೆಂದು ನಕ್ಕರು. ಅಧಿಕಾರಿಯೂ ಕರವಸ್ತ್ರದ ಹಿಂದೆ ನಕ್ಕರು. ಹೆನ್ನಿ ತನ್ನ ಮಂಡಿ ತೋರಿಸಿದ. ನಗು ಇನ್ನೂ ಜೋರಾಯಿತು. ಆಗ ಅಲ್ಲಿಯವರೆಗೆ ನೋಟ್‌ಬುಕ್ಕು ಹಿಡಿದು ಮೂಲೆಯಲ್ಲಿ ನಿಂತಿದ್ದ ತಿನ್ಚೆ ಮುಂದೆ ಬಂದಳು. "ನಾನು ಎವರ್ಟ್ ಪೊಲುವಾನ್ ಮಗಳು. ನಾನು ಕೂರ್ತೀನಿ." ಹೆನ್ನಿ ಉಸಿರು ಬಿಟ್ಟ. "ಹೋಗು ನೋನಿ. ಒಳ್ಳೇದಾಯ್ತು," ಅಂದ.

ಕೆಳಗೆ ಮರಳು, ಕಲ್ಲಿರಲಿಲ್ಲ. ತಿನ್ಚೆ ತನ್ನ ಕೆಂಪು ಬಣ್ಣದ ಡಬ್ಬಿಯನ್ನು ಬೋರಲು ಹಾಕಿ ಕೂತಳು.

ಮೇಲೆ ಕಾಲು ತುಂಬಿದವು. ಬೆರ್ತಿಯ ಒಣ ಪಾದ ಯಾವುದು ಅಂತ ಸಂದಿಯಲ್ಲೇ ಗೊತ್ತಾಗುತ್ತಿತ್ತು. ನಮ್ಮೂರಿನಿಂದ ಲಾರಿಯಲ್ಲಿ ಬಂದಿದ್ದ, ಊರಿಗೇ ದಪ್ಪನೆಯವಳಾದ ಮೆರಿ ತಾಂತೆಯನ್ನೂ, ಅಂದರೆ ಮೆರಿ ಅತ್ತೆಯನ್ನೂ, ಯಾರೋ ಕೂಗಿ ಹತ್ತಿಸಿದರು. "ಬಾ ತಾಂತೆ, ನೀನು ತುಳಿದ ಮನೆ ಭೂಕಂಪಕ್ಕೂ ಅಲ್ಲಾಡಲ್ಲ!" "ನಿಮ್ಮಪ್ಪಂಗೆ ಹೇಳು ಅದನ್ನ, ಕಾಲೇಜಲ್ಲಿ ನನ್ನ ಹಗುರ ಅಂತಿದ್ದ!" ಹಾಡು ಎದ್ದಿತು. ಧೊಪ್. ಬಿಸಿಲ ಗೆರೆಗಳೆಲ್ಲ ಒಟ್ಟಿಗೆ ಮುಚ್ಚಿದವು, ತೆರೆದವು. ಹೊಂಬಣ್ಣದ ಹೊಟ್ಟು ಇಳಿಯಿತು, ನಿಧಾನಕ್ಕೆ, ಐವತ್ತು ವರ್ಷ ದಾರಿಯಲ್ಲೇ ಇದ್ದು ಈಗ ತಲುಪಿದ ಹಾಗೆ. ಅವಳು ಏಳು ವರ್ಷದವಳಾದಳು. ಬೆನ್ನ ಹಿಂದೆ ಒಂದು ಎದೆ ಬಡಿಯುತ್ತಿತ್ತು. ಸಮುದ್ರದ ಕಡೆ ನೋಡಿದರೆ ಮನೆಗಳೆಲ್ಲ ಬಂದು ನಿಂತಿದ್ದವು, ನೀರಿನಲ್ಲಿ, ಪಕ್ಕೆ ಹಿಡಿದುಕೊಂಡು.

ಒಂದನೇ ಸುತ್ತು ಮುಗಿಯಿತು. ಐದು ತೊಲೆ ಬಾಗಿದವು, ಮತ್ತೆ ನೆಟ್ಟಗಾದವು. ಬೀಳುವುದಿಲ್ಲ, ಇದು ಇವತ್ತು ಬೀಳುವುದಿಲ್ಲ. ಅದು ಅವಳಿಗೆ ಅಂಗೈಯಷ್ಟು ಸ್ಪಷ್ಟವಾಗಿತ್ತು. ಹೊಸ ಮರ, ಮೂರು ಸುತ್ತನ್ನು ತಡೆಯುತ್ತದೆ. ಅವಳು ಸುಮ್ಮನೆ ಕೂತರೆ ಚಪ್ಪಾಳೆ ಬೀಳುತ್ತದೆ, ಹೆನ್ನಿಯ ಕಂಪನಿ ಉಳಿಯುತ್ತದೆ, ಕಂಪನಿಯಿಂದ ಉಣ್ಣುವ ಅರ್ಧ ಊರು ಉಳಿಯುತ್ತದೆ. ಮುದುಕಿ ಸಂಜೆಯೇ ಮೊಮ್ಮಕ್ಕಳನ್ನು ಒಳಗೆ ಮಲಗಿಸುತ್ತಾಳೆ. ಆಮೇಲೆ ಉಪ್ಪುಗಾಳಿ ಬೀಸುತ್ತದೆ. ಅಕ್ಕಿ ಮೂಟೆ, ಮದುವೆ, ಹೆಣದ ಸುತ್ತ ಕೂರುವ ನೂರು ಜನ. ಹತ್ತು ವರ್ಷ ಅನ್ನಿ. ಆಗ ಕೆಳಗೆ ಯಾರೂ ಕೂತಿರುವುದಿಲ್ಲ.

ಎರಡನೇ ಸುತ್ತು. ಐದು ಉಸಿರು ಕೇಳಿತು. ಆರು, ಏಳು ಕೇಳಲಿಲ್ಲ.

"ಇಳೀರಿ!"

ಹಾಡು ತುಂಡಾಯಿತು. ಮೇಲೆ ಒಂದು ಕ್ಷಣ ಯಾರೂ ಕದಲಲಿಲ್ಲ. ಹುಟ್ಟಿದ ಮೇಲೆ ಆ ಕೂಗನ್ನು ಕೇಳಿದವರು ಅಲ್ಲಿ ಮೂರೋ ನಾಲ್ಕೋ ಜನ. ಆಮೇಲೆ ಎರಡೂ ಮೆಟ್ಟಿಲಿಂದ ದಡದಡ ಇಳಿದರು.

ಹೆನ್ನಿ ಕಂಬದ ಹತ್ತಿರ ಕುಂಟುತ್ತ ಬಂದ. ಮುಖ ಕೆಂಡ. "ಏನಾಯ್ತು? ಏನೂ ಆಗಿಲ್ವಲ್ಲ ನೋನಿ! ಒಂದು ಬಿರುಕಿದ್ಯಾ ತೋರ್ಸು!"

"ಬಿರುಕಿಲ್ಲ. ಒಳಗ್ಬಾ, ಎಣ್ಸು."

"ಎಲ್ರೂ ನೋಡ್ತಿದಾರೆ..."

"ನೋಡ್ಲಿ. ಬಾ."

ಬಗ್ಗದ ಮಂಡಿಯನ್ನು ಕೈಯಿಂದ ಎಳೆದುಕೊಂಡು ಹೆನ್ನಿ ಒಳಗೆ ಬಂದ, ಮರಳಿನ ಮೇಲೆ ಕುಸಿದು ಕೂತ, ಮೇಲೆ ನೋಡಿದ. ಅವನ ತುಟಿ ಅಲ್ಲಾಡಿತು. ಒಂದು. ಎರಡು. ಮೂರು. ನಾಲ್ಕು. ಐದು. ಅಲ್ಲಿಗೆ ಬಂದ ಕಣ್ಣು ಮುಂದೆ ಹೋಗಲು ಜಾಗವಿಲ್ಲದೆ ಹಿಂದಕ್ಕೆ ಬಂತು. ಇನ್ನೊಮ್ಮೆ ಎಣಿಸಿದ.

"ಯಾವಾಗಿಂದ?"

"ಆರು ವರ್ಷ ಆಯ್ತು."

"ಅಂಕಿ ಬರ್ದೋಳು ನೀನೇ ಅಲ್ವಾ?"

"ಹೌದು. ನಾನೇ."

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಇಬ್ಬರೂ ಕೂತಿದ್ದರು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಇಬ್ಬರು, ಗುರುವಿನ ಮನೆಯಲ್ಲದ ಒಂದು ಮನೆಯ ಕೆಳಗೆ, ಮುಖದ ಮೇಲೆ ಬಿಸಿಲ ಗೆರೆ ಹೊತ್ತುಕೊಂಡು. ಆಮೇಲೆ ಹೆನ್ನಿ ಕಂಬ ಹಿಡಿದು ಎದ್ದ. ಕಿಸೆಯಿಂದ ಏನೋ ತೆಗೆಯುವವನ ಹಾಗೆ ತಡವರಿಸಿ, ಹತ್ತಿರದಲ್ಲಿದ್ದ ಸುತ್ತಿಗೆ ಎತ್ತಿ, ಮೊದಲ ಗೂಟವನ್ನು ತಾನೇ ಹೊಡೆದು ಹೊರಗೆ ಹಾಕಿದ. ಅಧಿಕಾರಿಯ ಕಾರು ಆಗಲೇ ಹೊರಟಿತ್ತು.

ಇಲ್ಲಿಗೆ ಕಥೆ ಮುಗಿಸಿ ಕಣ್ಣೊರೆಸಿಕೊಳ್ಳುವ ಆಸೆ ನಿಮಗಿದ್ದರೆ ಬೇಡ. ತೊಲೆ ಕೊಯ್ದು ಒಣಗಿಸಿ ತರಲು ಏಳು ವಾರ ಹಿಡಿಯಿತು. ಆ ಏಳು ವಾರ ಡೇರೆಗಳ ಮೇಲೆ ಮಳೆ ಸುರಿಯಿತು. ಬೆರ್ತಿಯ ಕಿರಿ ಮೊಮ್ಮಗಳಿಗೆ ಜ್ವರ ಬಂದು, ಹನ್ನೊಂದು ದಿನ ಇದ್ದು, ಇಳಿಯಿತು. ಮುದುಕಿ ಒಂದು ಬೆಳಿಗ್ಗೆ ತಿನ್ಚೆ ಗೂಟ ಕೀಳುತ್ತಿದ್ದಲ್ಲಿಗೆ ಬಂದು ನಿಂತಳು.

"ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲ, ಇನ್ನೊಂದ್ ಆರು ತಿಂಗ್ಳು ಮುಂಚೆ ಬಿಟ್ಟಿದ್ರೆ ಬಾಯಿ ಸವೆದ್ಹೋಗ್ತಿತ್ತಾ? ನಿನ್ ಸತ್ಯಕ್ಕೆ ನನ್ ಕೂಸು ಒದ್ದೆ ಚಾಪೆ ಮೇಲೆ ಮಲಗ್ಬೇಕಾಯ್ತು."

ತಿನ್ಚೆ ಇನ್ನೊಂದು ಗೂಟ ಕಿತ್ತು ಪಕ್ಕಕ್ಕಿಟ್ಟಳು. ಮುದುಕಿ ಹೋಗುವಾಗ ಹೊಗೆಯಲ್ಲಿ ಒಣಗಿಸಿದ ಒಂದು ತುಂಡು ಮೀನನ್ನು ಎಲೆಯಲ್ಲಿ ಸುತ್ತಿ ಹಲಗೆಯ ಮೇಲೆ ಇಟ್ಟು ಹೋದಳು, ಇಟ್ಟದ್ದು ತಾನಲ್ಲ ಅನ್ನುವ ಹಾಗೆ.

ಕೂಲಿಯಿಲ್ಲದೆ ಇಬ್ಬರೂ ಮನೆ ಬಿಚ್ಚಿದರು, ಕಟ್ಟಿದರು. ಈ ಸಲ ಕೆಂಪು ಕುಂಚ ಆರು ಬರೆಯಿತು, ಏಳು ಬರೆಯಿತು. ಮರುತುಳಿತದ ದಿನ ಮರಳಿನ ಮೇಲೆ ಹೆನ್ನಿಯೇ ಕೂತ. ತಿನ್ಚೆ ಡಬ್ಬಿಯ ಮೇಲೆ, ಪಕ್ಕದಲ್ಲಿ. ಬೆರ್ತಿ ಮೂರು ಸುತ್ತಿಗೆ ನಿಲ್ಲಲಿಲ್ಲ, ನಾಲ್ಕನೆಯದನ್ನೂ ತುಳಿದಳು. ಅದು ಮನೆಗಲ್ಲ, ಕೆಳಗಿದ್ದ ಇಬ್ಬರಿಗೆ ಅಂತ ಎಲ್ಲರಿಗೂ ಗೊತ್ತಾಯಿತು.

ಉಳಿದ ಮೂವತ್ತೊಂಬತ್ತು ಮನೆಗಳಿಗೂ ಏಳೇಳು ತೊಲೆ ಕೂರಿಸಿ ಕೊಟ್ಟ ವಾಲೆ ತೇತೆ ಈಗ ಸಣ್ಣದು. ಎಂಟರಲ್ಲಿ ಮೂರು ಮನೆ ಉಳಿದಿವೆ. ಕೆಲಸ ಬಿಟ್ಟವರಲ್ಲಿ ಕೆಲವರು ತಿನ್ಚೆ ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಅದೇ ರಸ್ತೆಯಲ್ಲಿ ಬೇರೆ ಬೋರ್ಡುಗಳು ಎದ್ದಿವೆ. ಅಲ್ಲಿ ಎಷ್ಟು ತೊಲೆ ಇಡುತ್ತಾರೋ, ಕೇಳಿದವರಿಲ್ಲ. ಒಂದನೇ ನಂಬರಿನ ಮನೆಯ ಅಡಿಯಿಂದ ಕಾರು ಹೋಗಿ ಕಲ್ಲು ವಾಪಸ್ಸು ಬಂದಿದೆ.

ಐದೇ ತೊಲೆಯ ಇನ್ನೂರ ಹನ್ನೆರಡು ಮನೆಗಳು ಎಲ್ಲೆಲ್ಲೋ ಇವೆ. ಮೂವತ್ತೊಂದು ನೋಟ್‌ಬುಕ್ಕು ಮುಂದಿಟ್ಟುಕೊಂಡು ತಿನ್ಚೆ ಒಂದೊಂದಕ್ಕೂ ಕಾಗದ ಬರೆದಳು: ನಿಮ್ಮ ನೆಲದಡಿ ಎರಡು ತೊಲೆ ಕಡಿಮೆ ಇದೆ, ತಪ್ಪು ನನ್ನದು, ಅಳತೆ ಹೇಳಿದರೆ ಕಳಿಸುತ್ತೇವೆ. ಅರವತ್ತಮೂರು ಮನೆಯವರು ಅಳತೆ ಕಳಿಸಿದ್ದಾರೆ. 'ನಮ್ಮ ಮನೆ ತುಂಬ ಚಂದ ಇದೆ, ದಯವಿಟ್ಟು ಇನ್ನು ಬರೆಯಬೇಡಿ' ಅಂತ ಒಬ್ಬರು ಬರೆದಿದ್ದಾರೆ. ಉಳಿದವರು ಸುಮ್ಮನಿದ್ದಾರೆ.

ಅವಳು ಈಗಲೂ ಮಧ್ಯಾಹ್ನ ಮನೆಯಡಿ ಚಾಪೆ ಹಾಸುತ್ತಾಳೆ. ಮಂಜು ಇಳಿದ ದಿನ ಅವು ಬರುತ್ತವೆ. ಅರವತ್ತಮೂರು ಮನೆಗಳು ದಡ ಹತ್ತಿ ಅವಳ ಸುತ್ತ ಕೂರುತ್ತವೆ. ಉಳಿದವು ನೀರಿನಲ್ಲೇ ನಿಂತಿರುತ್ತವೆ, ಪಕ್ಕೆ ಹಿಡಿದುಕೊಂಡು, ಒಳಗೆ ನಿದ್ದೆ ಹೋದ ಮಕ್ಕಳನ್ನು ಹೊತ್ತುಕೊಂಡು, ಕೂಗಿಗಾಗಿ ಕಾಯುತ್ತ.

ನಿಮಗೂ ಒಂದು ದಿನ ಯಾರೋ ಹೊಸ ಮನೆಯ ಕೀಲಿ ಹಿಡಿದು ನಗುತ್ತ ಎದುರು ನಿಲ್ಲುತ್ತಾರೆ. ಕೈ ಚಾಚಬೇಡಿ. ಕಟ್ಟಿದವನನ್ನು ಕರೆಯಿರಿ, ಕೆಳಗೆ ಕೂರಿಸಿ. ಆಮೇಲೆ ನಿಮ್ಮ ಮಕ್ಕಳನ್ನು, ನೆರೆಯವರನ್ನು, ಊರಿನ ಅತಿ ದಪ್ಪನೆಯ ಹೆಂಗಸನ್ನು ಕರೆದುಕೊಂಡು ಮೇಲೆ ಹತ್ತಿ, ಮೂರು ಸುತ್ತು, ಕಾಲೆತ್ತಿ ತುಳಿಯಿರಿ.